ಸಾರ್ ಇಲ್ಲದ ಕ್ಯಾರವಾನ್

ನಾನೊಂದು ಕ್ಯಾರವಾನ್. ಸಿನಿಮಾದ ದೊಡ್ಡವರು ಬಟ್ಟೆ ಬದಲಿಸಲು, ಮೇಕಪ್ ಹಚ್ಚಿಕೊಳ್ಳಲು, ಕಾಲು ಚಾಚಿ ಮಲಗಲು ಇರುವ ಗಾಲಿಯ ಮೇಲಿನ ಕೋಣೆ. ಶೂಟಿಂಗ್ ನೋಡಲು ಹೋದವರು ನನ್ನನ್ನು ಹೊರಗಿನಿಂದ ನೋಡಿರುತ್ತೀರಿ. ಬಿಳಿ ಬಣ್ಣ, ಕಪ್ಪು ಗಾಜು, ಬಾಗಿಲಲ್ಲಿ ಕೈಕಟ್ಟಿ ನಿಂತ ಒಬ್ಬ ದಾಂಡಿಗ. ಒಳಗೆ ಯಾರಿದ್ದಾರೋ ಎಂದು ಕತ್ತು ಉದ್ದ ಮಾಡಿರುತ್ತೀರಿ. ಹೇಳುತ್ತೇನೆ, ಕೇಳಿ. ಹೆಚ್ಚಿನ ಹೊತ್ತು ಒಳಗೆ ಯಾರೂ ಇರುವುದಿಲ್ಲ.

ನಾನು ಹುಟ್ಟಿದ್ದು ತುಮಕೂರು ರಸ್ತೆಯ ಒಂದು ಶೆಡ್ಡಿನಲ್ಲಿ. ಬಸ್ಸಿನ ಚಾಸಿ ತಂದು ನಿಲ್ಲಿಸಿದರು. ಅದರ ಮೇಲೆ ಕಬ್ಬಿಣದ ಪಕ್ಕೆಲುಬು ಬೆಸೆದರು, ತಗಡು ಹೊದಿಸಿದರು, ಒಳಗೆ ಪ್ಲೈವುಡ್ ಬಡಿದರು. ಹಿಂದಿನ ಮೂಲೆಯಲ್ಲಿ ಒಂದು ಪುಟ್ಟ ಕಕ್ಕಸು, ಅದಕ್ಕೊಂದು ನೀರಿನ ಟ್ಯಾಂಕು. ನನ್ನನ್ನು ಮಾಡಿಸಿದವರು ಪುಟ್ಟಸ್ವಾಮಯ್ಯ ಎಂಬ ನಿರ್ಮಾಪಕರು. ವರ್ಷಕ್ಕೊಂದು ಸಣ್ಣ ಸಿನಿಮಾ ತೆಗೆಯುತ್ತಿದ್ದ ಮನುಷ್ಯ.

ಆಗೆಲ್ಲ ಹೊರಾಂಗಣ ಶೂಟಿಂಗಿನಲ್ಲಿ ನಟಿಯರು ಬಟ್ಟೆ ಬದಲಿಸಬೇಕಾದರೆ ನಾಲ್ಕು ಹೆಂಗಸರು ಸುತ್ತ ಸೀರೆ ಅಡ್ಡ ಹಿಡಿಯುತ್ತಿದ್ದರು. ಒಂದು ದಿನ ಗಾಳಿಗೆ ಸೀರೆ ಹಾರಿತು. ಲೈಟಿನವರು, ನೋಡಲು ಬಂದ ಊರವರು, ಎಲ್ಲರೂ ನೋಡಿದರು. ಆ ಹುಡುಗಿಯ ಮುಖ ಕಂಡು ಪುಟ್ಟಸ್ವಾಮಯ್ಯನವರಿಗೆ ಅವತ್ತು ಊಟ ಸೇರಲಿಲ್ಲವಂತೆ. ಬೆಂಗಳೂರಿಗೆ ಬಂದವರೇ ಶೆಡ್ಡಿಗೆ ಹೋಗಿ ನನಗೆ ಅಡ್ವಾನ್ಸ್ ಕೊಟ್ಟರು. "ಮೊದ್ಲು ಹೆಣ್ಮಕ್ಕಳು. ಆಮೇಲೆ ಹೀರೋ. ನಾನು ಎಲ್ಲಾರಿಗಿಂತ ಹಿಂದೆ" ಎಂದು ಯೂನಿಟ್ಟಿಗೆಲ್ಲ ಹೇಳಿದ್ದರು. ಗುಂಪಿನಲ್ಲಿ ನಿಲ್ಲುವ ಹೆಂಗಸರೂ ನನ್ನೊಳಗೆ ಬರುತ್ತಿದ್ದರು. ನೆಲವೆಲ್ಲ ಕೆಸರಾಗುತ್ತಿತ್ತು, ಟ್ಯಾಂಕು ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ನನಗೆ ಅದೇ ಚೆನ್ನಾಗಿತ್ತು. ಸೀರೆಗಾಗಿ ಹುಟ್ಟಿದವನು ನಾನು. ಸೋಫಾಕ್ಕಾಗಿ ಅಲ್ಲ.

ಆಮೇಲೆ ಸಿನಿಮಾ ದೊಡ್ಡದಾಯಿತು. ಕಥೆ ದೊಡ್ಡದಾಯಿತು ಅಂದುಕೊಳ್ಳಬೇಡಿ. ಖರ್ಚು ದೊಡ್ಡದಾಯಿತು. ಐದು ಭಾಷೆ, ಆನೆ, ಕೋಟೆ, ಬೆಂಕಿ. ಹಾಕಿದ ದುಡ್ಡಿನಲ್ಲಿ ಅರ್ಧ ಹೀರೋನ ಮನೆಗೆ, ಉಳಿದರ್ಧದಲ್ಲಿ ಅರ್ಧ ಕಂಪ್ಯೂಟರಿನ ಆನೆಗೆ. ಪುಟ್ಟಸ್ವಾಮಯ್ಯನವರ ಕೊನೆಯ ಚಿತ್ರಕ್ಕೆ ಬೆಳಗಿನ ಆಟ ಬಿಟ್ಟು ಬೇರೆ ಆಟವೇ ಸಿಗಲಿಲ್ಲ. ಅವರು ನನ್ನನ್ನು ಮಾರಿದರು. ಕೊಂಡವನು ಲೋಕೇಶ. ಕ್ಯಾರವಾನ್ ಬಾಡಿಗೆಗೆ ಕೊಡುವುದೇ ಅವನ ಕಸುಬು. ನನ್ನ ಹಳೆಯ ಒಳಗನ್ನು ಕಿತ್ತೆಸೆದು ಚರ್ಮದ ಕುರ್ಚಿ, ಗೋಡೆಯಗಲದ ಟಿ.ವಿ., ಕಕ್ಕಸಿಗೆ ಚಿನ್ನದ ಬಣ್ಣದ ನಲ್ಲಿ ಹಾಕಿಸಿದ. ಬಾಗಿಲಿಗೆ ಬೀಗ ಬಂದದ್ದೂ ಅವಾಗಲೇ. ನನ್ನ ಡ್ರೈವರ್ ಆಗಿ ಮಂಡ್ಯದ ಕಡೆಯ ಜವರೇಶ ಸೇರಿಕೊಂಡ.

ಹೀಗೆ ನಾನು ಆ ದೊಡ್ಡ ಸಿನಿಮಾಕ್ಕೆ ಬಂದೆ.

ಚಳ್ಳಕೆರೆಯ ಕಡೆ ಒಂದು ಬಯಲು. ಬಯಲೆಂದರೆ ಬಯಲೇ, ಮರೆಗೆ ಒಂದು ಮೊಳದ ಗಿಡವಿಲ್ಲ. ಅಲ್ಲಿ ಪ್ಲಾಸ್ಟರಿನ ಕೋಟೆ ಎಬ್ಬಿಸಿದ್ದರು. ನಿರ್ಮಾಪಕ ಉಮಾಪತಿ ಮೊದಲ ದಿನವೇ ಪತ್ರಿಕೆಯವರನ್ನು ಕರೆಸಿ, "ಇನ್ನೂರು ಕೋಟಿ ಸಿನ್ಮಾ ಇದು" ಎಂದ. ಕಥೆ ಏನು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಖರ್ಚೇ ಕಥೆ.

ಹೀರೋಗೆ ಅಲ್ಲಿ ಹೆಸರಿರಲಿಲ್ಲ. ಎಲ್ಲರಿಗೂ 'ಸಾರ್'. ಸಾರ್‌ಗೆ ಮಲಗಲು ನಾನು. ಕಸರತ್ತಿಗೆ ಇನ್ನೊಂದು ಕ್ಯಾರವಾನ್. ಅಡುಗೆಯವನಿಗೆ ಮತ್ತೊಂದು. ಜೊತೆಗೆ ಬಂದ ಗೆಳೆಯರಿಗೆ ಮಗದೊಂದು. ಇದನ್ನೆಲ್ಲ ನೋಡಿಕೊಳ್ಳುವವನು ಸಾರ್ ಮ್ಯಾನೇಜರ್ ದಿಲೀಪ. ಅವನ ಮೊದಲ ಕಟ್ಟಳೆ ಏನು ಗೊತ್ತೇ? ಸಾರ್ ಬರಲಿ, ಬಿಡಲಿ, ನನ್ನ ಎ.ಸಿ. ಬೆಳಗಿನಿಂದ ಓಡುತ್ತಲೇ ಇರಬೇಕು. ಸಾರ್ ಕಾಲಿಟ್ಟಾಗ ಒಳಗೆ ತಣ್ಣಗಿರಬೇಕಲ್ಲ. ಸಾರ್ ಎಷ್ಟೋ ದಿನ ಹೋಟೆಲಿನಿಂದ ಹೊರಡುತ್ತಲೇ ಇರಲಿಲ್ಲ. ಆದರೂ ಪಕ್ಕದಲ್ಲಿ ಜನರೇಟರ್ ಡೀಸೆಲ್ ಕುಡಿಯುತ್ತಿತ್ತು, ನಾನು ಖಾಲಿ ಕುರ್ಚಿಗೆ ಗಾಳಿ ಹಾಕುತ್ತಿದ್ದೆ. ಹೊರಗೆ ಜನ ಬೇಯುತ್ತಿದ್ದರು.

ಇನ್ನೊಂದು ತಮಾಷೆ ಹೇಳುತ್ತೇನೆ. ಈ ನಾಲ್ಕು ಕ್ಯಾರವಾನಿಗೂ ಬಾಡಿಗೆ ಕೊಡುತ್ತಿದ್ದ ಉಮಾಪತಿ, ಒಂದಕ್ಕೆ ಬಂದರೆ ಡೀಸೆಲ್ ಟ್ಯಾಂಕರಿನ ಹಿಂದೆ ಹೋಗಿ ನಿಲ್ಲುತ್ತಿದ್ದ. ನನ್ನ ಬಾಗಿಲು ತಟ್ಟುವ ಧೈರ್ಯ ಅವನಿಗೂ ಇರಲಿಲ್ಲ. ಗಂಡಸು, ಹೇಗೋ ಮುಗಿಸಿಕೊಂಡ. ಹೆಂಗಸರು?

ಆ ಸೆಟ್ಟಿಗೆ ಬೆಂಗಳೂರಿನಿಂದ ಬಸ್ಸಿನಲ್ಲಿ ಜೂನಿಯರ್ ಆರ್ಟಿಸ್ಟುಗಳನ್ನು ತಂದಿದ್ದರು. ರಾಜನ ಊರಿನ ಪ್ರಜೆಗಳು ಅವರು. ಅವರಲ್ಲೊಬ್ಬಳು ಶ್ರೀರಾಮಪುರದ ಸಾಕಮ್ಮ. ಐವತ್ತರ ಹತ್ತಿರದ ಹೆಂಗಸು, ಹರೆಯದಿಂದಲೂ ಗುಂಪಿನಲ್ಲಿ ನಿಂತವಳು. ಪುಟ್ಟಸ್ವಾಮಯ್ಯನವರ ಕಾಲದಲ್ಲಿ ನನ್ನೊಳಗೆ ಬಂದು ಹೋದವಳು. ಮೊದಲ ದಿನ ನನ್ನ ಹಿಂಬದಿಯ ತಗಡು ಸವರಿ ಗುರುತು ಹಿಡಿದಳು.

"ನಮ್ಮ ಅಯ್ನೋರ ಗಾಡಿ ಅಲ್ವಾ ಇದು? ಏನ್ ಸಿಂಗಾರ ಮಾಡವ್ರೆ, ಮದ್ವೆ ಹೆಣ್ಣಂಗೆ" ಎಂದಳು. ಆಮೇಲೆ ಜವರೇಶನ ಹತ್ತಿರ ಬಂದು ದನಿ ತಗ್ಗಿಸಿದಳು. "ತಮ್ಮಾ, ಒಂದಕ್ಕೆ ಹೋಗ್ಬೇಕು. ಬಾಗ್ಲು ತೆಗಿ. ಎರಡೇ ನಿಮಿಷ."

"ಅಯ್ಯೋ ಬ್ಯಾಡ ಕನಕ್ಕೋ. ದಿಲೀಪಣ್ಣ ಕಂಡ್ರೆ ಇವತ್ತೇ ನನ್ನ ಊರಿಗೆ ಓಡುಸ್ತಾನೆ."

"ನಂಗೆ ಕಿಡ್ನೀಲಿ ಕಲ್ಲಾಗಿ ಹೋದ ವರ್ಷ ಆಪರೇಷನ್ ಆಗೈತೆ ಕಣಪ್ಪ. ನೀರು ಚೆನ್ನಾಗಿ ಕುಡೀಬೇಕು, ತಡ್ಕೋಬಾರ್ದು ಅಂದವ್ರೆ ಡಾಕ್ಟ್ರು. ಇಲ್ಲಿ ಸುತ್ತಾ ಜನ. ಆ ಕಡೆ ಬೇಲಿ ತುಂಬಾ ಫ್ಯಾನ್ಸು, ಈ ಕಡೆ ಕೋಟೆ ಹಿಂದೆ ಬಡಗಿಗಳು, ಮೇಲೆ ಆ ಹಾರೋ ಕ್ಯಾಮೆರಾ ಬೇರೆ. ಎಲ್ಲಿ ಕೂರ್ಲಿ ಹೇಳು."

ಜವರೇಶ ತಲೆ ಕೆರೆದುಕೊಂಡ. "ಸಾರ್ ಬತ್ತಾರೆ ಅಕ್ಕ, ಈಗ ಬತ್ತಾರೆ" ಎಂದ.

"ನಿಮ್ಮ ಸಾರ್ ಒಳಗೇನು ತಪಸ್ಸು ಮಾಡ್ತಾರಾ? ಒಂದಕ್ಕೆ ಹೋಗೋ ಜಾಗ ತಾನೆ" ಎಂದು ನಕ್ಕು ಹೋದಳು. ನಗು ಬಾಯಿಯಲ್ಲಿ ಮಾತ್ರ ಇತ್ತು.

ಜೂನಿಯರ್ಸ್‌ಗೆ ಮೊಬೈಲ್ ಟಾಯ್ಲೆಟ್ ತರಿಸಿ ಎಂದು ಅವರ ಏಜೆಂಟ್ ಉಮಾಪತಿಯನ್ನು ಕೇಳಿದ್ದು ನನ್ನ ಪಕ್ಕದಲ್ಲೇ. "ಬಜೆಟ್ ಕೈ ಮೀರ್ತಿದೆ, ಈಗ ಅದೆಲ್ಲ ತೆಗೀಬೇಡಿ" ಎಂದ ಉಮಾಪತಿ. ಅದೇ ದಿನ ಸಾರ್ ನಾಯಿಗೆ ಬೆಂಗಳೂರಿನಿಂದ ಬೇರೆ ಕಾರಿನಲ್ಲಿ ಮಾಂಸ ಬಂತು. ಏಜೆಂಟ್ ಮತ್ತೆ ಬಾಯಿ ತೆರೆಯಲಿಲ್ಲ. ಗೊಣಗುವ ಹೆಂಗಸನ್ನು ಅವನು ಮುಂದಿನ ಸಿನಿಮಾಕ್ಕೆ ಕರೆಯುವುದಿಲ್ಲ ಎಂದು ಸಾಕಮ್ಮನಿಗೂ ಗೊತ್ತಿತ್ತು. ಆದ್ದರಿಂದ ಅವಳು ಆ ಹೆಂಗಸರೆಲ್ಲ ಮಾಡುವುದನ್ನೇ ಮಾಡಿದಳು. ನೀರು ಕುಡಿಯುವುದನ್ನು ಬಿಟ್ಟಳು. ಅಂಥ ಬಿಸಿಲಿನಲ್ಲಿ ದಪ್ಪ ಸೀರೆ, ಹಿತ್ತಾಳೆಯ ಒಡವೆ ಹೊತ್ತು, ಬಾಟಲಿಯ ನೀರಿನಲ್ಲಿ ತುಟಿ ಮಾತ್ರ ಒದ್ದೆ ಮಾಡಿಕೊಳ್ಳುತ್ತಿದ್ದಳು. ದಿನದಿಂದ ದಿನಕ್ಕೆ ಅವಳ ಮುಖ ಊದಿಕೊಂಡಿತು. ಸೊಂಟ ಹಿಡಿದುಕೊಂಡು ನಡೆಯತೊಡಗಿದಳು. ನನ್ನ ಟ್ಯಾಂಕು ತುಂಬಿ ತುಳುಕುತ್ತಿತ್ತು. ಯಾರೂ ಮುಟ್ಟದ ನೀರು.

ಹೀಗಿರುವಾಗ ಒಂದು ದಿನ, ರಾಜ ಯುದ್ಧ ಗೆದ್ದು ಬರುವ ಶಾಟ್. ಪ್ರಜೆಗಳು ಹೂ ಎರಚಬೇಕು. ಡ್ರೋನಿನಲ್ಲಿ ತೆಗೆಯುವ ಶಾಟಾದ್ದರಿಂದ ಒಬ್ಬೊಬ್ಬರಿಗೂ ನೆಲದಲ್ಲಿ ಸುಣ್ಣದ ಗುರುತು ಹಾಕಿದ್ದರು. ಗುರುತು ಬಿಟ್ಟು ಅಲುಗುವಂತಿಲ್ಲ. "ಸಾರ್ ಹೊರಟ್ರು, ಹತ್ತು ನಿಮಿಷ" ಎಂದು ಮೈಕಿನಲ್ಲಿ ಹೇಳಿದ್ದು ಬೆಳಗ್ಗೆ. ಊಟದ ಹೊತ್ತು ಮೀರಿದರೂ ಅದೇ ಹತ್ತು ನಿಮಿಷ. ಪ್ರಜೆಗಳು ಹೂವಿನ ತಟ್ಟೆ ಹಿಡಿದು ನಿಂತೇ ಇದ್ದರು. ಇದ್ದಕ್ಕಿದ್ದಂತೆ ಒಂದು ತಟ್ಟೆ ಬಿತ್ತು. ಸಾಕಮ್ಮ ಹೊಟ್ಟೆ ಅವುಚಿಕೊಂಡು ಸುಣ್ಣದ ಗುರುತಿನ ಮೇಲೇ ಕುಸಿದಳು. ಮೈ ಕೆಂಡದಂತೆ ಸುಡುತ್ತಿತ್ತು, ಗಡಗಡ ನಡುಗುತ್ತಿದ್ದಳು.

ಅಷ್ಟು ದೊಡ್ಡ ಸೆಟ್ಟಿಗೆ ಒಂದು ಆಂಬುಲೆನ್ಸ್ ಇತ್ತು. ಅದು ಸಾರ್ ಕಾರಿನ ಬೆನ್ನ ಹಿಂದೆ ಬರಲೆಂದು ಹೋಟೆಲಿಗೆ ಹೋಗಿತ್ತು. ಇದ್ದ ಕಾರುಗಳೂ ಸಾರ್ ಬಳಗವನ್ನು ಕರೆತರಲು ಹೋಗಿದ್ದವು. ಜೂನಿಯರ್ಸ್ ಬಸ್ಸು ಸಂಜೆಗೆ ಬರುವುದು.

ಜವರೇಶ ಅವಳನ್ನು ನೋಡಿದ. ಮೊದಲ ದಿನ ಅವಳಿಗೆ ಇಲ್ಲವೆಂದ ಬಾಯಿ ಅವನದು. ಓಡಿ ಹೋಗಿ, ಅವಳ ಗೆಳತಿ ಜಯಶೀಲಳ ಜೊತೆ ಸಾಕಮ್ಮನನ್ನು ಎತ್ತಿ ತಂದು, ಬೀಗ ತೆಗೆದು, ನನ್ನೊಳಗೆ ಸೇರಿಸಿದ. ಜಯಶೀಲ ಅವಳನ್ನು ಕಕ್ಕಸಿಗೆ ಕೂರಿಸಿದಳು. ಬಂದದ್ದು ಮೂತ್ರವಲ್ಲ, ಕೆಂಪಗೆ ನಾಲ್ಕು ಹನಿ. ನಾನು ನೋಡಿದೆ. ಅದು ನನ್ನ ಮೈಮೇಲೆಯೇ ಬಿತ್ತು. ಇಬ್ಬರೂ ಸೇರಿ ಅವಳನ್ನು ಸಾರ್ ಹಾಸಿಗೆಯ ಮೇಲೆ ಮಲಗಿಸಿದರು.

ಅಷ್ಟರಲ್ಲಿ ದಿಲೀಪ ಬಂದ. ಕಿರುಚಲಿಲ್ಲ. ಅಂಥವರು ಕಿರುಚುವುದಿಲ್ಲ.

"ಯಾರನ್ನ ಕೇಳಿ ತೆಗ್ದೆ?"

"ಅಣ್ಣ, ಅಕ್ಕಂಗೆ ಜೀವ ಹೋಗೋ ಹಂಗದೆ."

"ಪಾಪ. ನೆರಳಿಗೆ ಮಲಗ್ಸಿ. ಸಾರ್ ಬಂದಾಗ ಬೆಡ್ ಮೇಲೆ ಈಯಮ್ಮ ಇದ್ರೆ ಸಾರ್ ವಾಪಸ್ ಹೋಗ್ತಾರೆ. ಶೂಟಿಂಗ್ ನಿಂತ್ರೆ ಇವತ್ತಿನ ಲಾಸ್ ನೀನು ಕಟ್ತೀಯಾ?"

"ನೆರಳೆಲ್ಲೈತೆ ಅಣ್ಣ? ತೋರ್ಸು."

ದಿಲೀಪ ತನ್ನ ಬೆನ್ನಿಗೇ ಬಂದು ನಿಂತಿದ್ದ ಉಮಾಪತಿಯ ಕಡೆ ನೋಡಿದ. ಇನ್ನೂರು ಕೋಟಿಯ ಯಜಮಾನ ತನ್ನ ಚಪ್ಪಲಿ ನೋಡಿಕೊಂಡ. "ಸಾರ್ ಬರ್ಲಿ, ಆಂಬುಲೆನ್ಸೂ ಬರ್ತದಲ್ಲ ಜೊತೇಲಿ" ಎಂದ.

ನನಗೆ ಗಾಲಿಗಳಿವೆ ಎಂಬುದು ಅಲ್ಲಿ ಎಲ್ಲರಿಗೂ ಮರೆತು ಹೋಗಿತ್ತು. ತಿಂಗಳುಗಟ್ಟಲೆ ಒಂದೇ ಕಡೆ ನಿಂತು ನನಗೂ ಮರೆತಂತಾಗಿತ್ತು. ಜವರೇಶನಿಗೆ ನೆನಪಾಯಿತು. ಜನರೇಟರಿನ ವೈರು ಕಿತ್ತೆಸೆದ. ಮುಂದೆ ಹೋಗಿ ಸೀಟಿನಲ್ಲಿ ಕೂತ. ದಿಲೀಪ ಬಂದು ಕಿಟಕಿ ಬಡಿಯುತ್ತಿದ್ದಂತೆಯೇ ಗೇರು ಹಾಕಿದ. ಸತ್ಯ ಹೇಳುತ್ತೇನೆ, ನನ್ನ ಇಂಜಿನ್ನು ಅವತ್ತು ಗುಡುಗಿದ ಹಾಗೆ ಎಂದೂ ಗುಡುಗಿರಲಿಲ್ಲ. ಸುಣ್ಣದ ಗುರುತುಗಳನ್ನೆಲ್ಲ ಅಳಿಸಿಕೊಂಡು ನಡೆದೆ.

ಗೇಟಿನಲ್ಲಿ ಫ್ಯಾನ್ಸ್ ಇದ್ದರು. ಕಪ್ಪು ಗಾಜಿನ ಕ್ಯಾರವಾನ್ ಹೊರಬಂದದ್ದು ಕಂಡು ಒಳಗೆ ತಮ್ಮ ಬಾಸ್ ಇದ್ದಾನೆಂದೇ ತಿಳಿದರು. ಅಡ್ಡ ಬಂದರು. ಹೂ ಎರಚಿದರು. ಒಬ್ಬ ನನ್ನ ಮೂತಿಗೆ ಹಾಲು ಸುರಿದ. ಕುಣಿತ, ಶಿಳ್ಳೆ.

"ಸಾರ್ ಇಲ್ಲ ಕನ್ರೋ ಒಳಗೆ. ದಾರಿ ಬಿಡ್ರಪ್ಪ, ಕೈ ಮುಗೀತೀನಿ" ಎಂದ ಜವರೇಶ.

"ಎಲ್ರೂ ಹಿಂಗೇ ಹೇಳ್ತಾರಣ್ಣ. ಒಂದು ಸಲ ಕೈ ಬೀಸೋಕೆ ಹೇಳು, ಬಿಡ್ತೀವಿ."

ಒಳಗೆ ಒಬ್ಬಳು ಸಾಯುತ್ತಿದ್ದಾಳೆ, ಹೊರಗೆ ನನಗೆ ಹಾಲಿನ ಅಭಿಷೇಕ. ನನ್ನ ಹಣೆಯ ಗಾಜು ಒಡೆದು ಅವರ ಮೇಲೆ ಬೀಳಬಾರದೇ ಅನ್ನಿಸಿತು. ಕೊನೆಗೆ ಜಯಶೀಲಳೇ ಬಾಗಿಲು ತೆರೆದಳು. "ನೋಡ್ರಿ, ಇವಳೇ ನಿಮ್ಮ ಬಾಸು. ಕೈ ಬೀಸಕ್ಕೆ ಆಗಲ್ವಂತೆ" ಎಂದಳು. ಶಿಳ್ಳೆ ನಿಂತಿತು. ಮುಂದೆ ನಿಂತವನ ಕೈಯಿಂದ ಹಾಲಿನ ಪ್ಯಾಕೆಟ್ ಜಾರಿತು. ಅವನೇ ಬೈಕು ಹತ್ತಿ, ಹಾರ್ನ್ ಹೊಡೆಯುತ್ತಾ ಊರಿನ ಆಸ್ಪತ್ರೆಯ ತನಕ ನನ್ನ ಮುಂದೆ ದಾರಿ ಬಿಡಿಸಿಕೊಂಡು ಹೋದ. ಇನ್ನೊಬ್ಬ ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದ.

ಸಾಕಮ್ಮ ಉಳಿದಳು. ಒಂದು ಕಿಡ್ನಿ ಉಳಿಯಲಿಲ್ಲ. ಕೀವಾಗಿತ್ತಂತೆ, ತೆಗೆದರಂತೆ. ಇನ್ನೊಂದೂ ಅಷ್ಟಕ್ಕಷ್ಟೇ, ಡಯಾಲಿಸಿಸ್ ಮಾಡಿಸುತ್ತಲೇ ಇರಬೇಕಂತೆ. ಇನ್ನು ಬಿಸಿಲಿನಲ್ಲಿ ನಿಲ್ಲುವಂತಿಲ್ಲ ಎಂದರು ಡಾಕ್ಟರು. ನಿಲ್ಲುವುದು ಬಿಟ್ಟು ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಜವರೇಶನ ಕೆಲಸ ಅವತ್ತೇ ಹೋಯಿತು. ಸಾರ್ ಇನ್ನು ಆ ಗಾಡಿಗೆ ಕಾಲಿಡುವುದಿಲ್ಲ ಎಂದು ದಿಲೀಪ ಹೇಳಿದ್ದರಿಂದ ನನ್ನ ಕೆಲಸವೂ ಹೋಯಿತು. ನನ್ನ ಜಾಗಕ್ಕೆ ನನಗಿಂತ ಉದ್ದದ್ದೊಂದು ಬಂತು. ಲೋಕೇಶ ಕುರ್ಚಿ, ಟಿ.ವಿ., ಚಿನ್ನದ ಬಣ್ಣದ ನಲ್ಲಿ ಎಲ್ಲ ಕಳಚಿಕೊಂಡು, ಉಳಿದ ನನ್ನನ್ನು ಗುಜರಿಗೆ ಮಾರಿದ. ಅದೇ ಗುಜರಿಯ ಲಾರಿಗೆ ಈಗ ಜವರೇಶ ಡ್ರೈವರ್. ಸಿನಿಮಾದವರು ಯಾರೂ ಅವನಿಗೆ ಮತ್ತೆ ಸ್ಟೀರಿಂಗ್ ಕೊಡಲಿಲ್ಲ. ಮಧ್ಯಾಹ್ನ ನನ್ನ ಮೆಟ್ಟಿಲ ಮೇಲೆ ಕೂತು ಮುದ್ದೆ ಉಣ್ಣುತ್ತಾನೆ.

ಮೊನ್ನೆ ಅಲ್ಲಿಗೆ ಸಾಕಮ್ಮ ಬಂದಿದ್ದಳು. ಸಣ್ಣಗಾಗಿದ್ದಳು. ಅವನ ಪಕ್ಕ ಕೂತು ಉಸಿರು ಸುಧಾರಿಸಿಕೊಂಡಳು.

"ಅಕ್ಕೋ, ನನ್ನ ಮೊಬೈಲಲ್ಲಿ ಬಂತು ನೋಡು. ನಾವು ಆಸ್ಪತ್ರೆಗೆ ಹೋಗಿದ್ನ ಆ ಹುಡ್ಗ ಹಿಡಿದಿದ್ನಲ್ಲ, ಅದ್ಕೆ ಮ್ಯೂಜಿಕ್ ಹಾಕವ್ರೆ. ಬಡವಿಗೆ ತನ್ನ ಕ್ಯಾರವಾನೇ ಬಿಟ್ಟುಕೊಟ್ಟ ಬಾಸ್ ಅಂತೆ. ಕೊನೇಲಿ ನೀನೇ ಕೈ ಮುಗ್ದು, ಸಾರ್ ನನ್ನ ಜೀವ ಉಳ್ಸಿದ್ರು ಅಂತೀಯಾ. ಅದು ನೀನೇನಾ, ಇಲ್ಲ ಕಂಪ್ಯೂಟರಾ?"

"ನಾನೇ ಕಣೋ. ಆ ದಿಲೀಪ ಮನೆಗೇ ಬಂದಿದ್ದ, ಕ್ಯಾಮೆರಾ ತಗೊಂಡು. ಹಿಂಗಂದ್ರೆ ಡಯಾಲಿಸಿಸ್ ಖರ್ಚು ಸಿನ್ಮಾ ರಿಲೀಸ್ ಆಗೋ ತನಕ ನೋಡ್ಕೋತೀವಿ ಅಂದ."

"ಅಂದುಬುಟ್ಟಾ?"

"ಅಂದೆ."

ಜವರೇಶ ತಟ್ಟೆ ಪಕ್ಕಕ್ಕಿಟ್ಟ. ಸಾಕಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಸಿಟ್ಟಾಗ್ಬೇಡ ತಮ್ಮಾ. ಹುಟ್ಟಿದಾಗ್ನಿಂದ ಯಾರ್ಯಾರೋ ರಾಜ ಬಂದ ಅಂತ ಹೂವು ಎರಚಿ ನಕ್ಕಿದೀನಿ. ಇದೂ ಒಂದು ಶಾಟು ಅಂತ ಮಾಡ್ದೆ. ಈ ಸಲ ಮಾತ್ರ ಕ್ಯಾಮೆರಾ ನನ್ನ ಮುಖದ ಹತ್ರ ಇತ್ತು ನೋಡು, ಒಂದೇ ಟೇಕ್‌ಗೆ ಓಕೆ."

ನಕ್ಕಳು. ಅವನು ನಗಲಿಲ್ಲ. ನನ್ನ ಹಾರ್ನ್ ಕಿತ್ತು ಮಾರಿದ್ದಾರೆ. ಇದ್ದಿದ್ದರೆ ಬೆಂಗಳೂರೆಲ್ಲ ಕೇಳುವ ಹಾಗೆ ಒದರುತ್ತಿದ್ದೆ.

ಇನ್ನೇನು ಸಿನಿಮಾ ಬರುತ್ತದೆ. ನೀವೂ ಹೋಗುತ್ತೀರಿ. ಇನ್ನೂರು ಕೋಟಿ ಎಲ್ಲಿ ಕಾಣುತ್ತದೆ ಎಂದು ಪರದೆಯಲ್ಲಿ ಹುಡುಕುತ್ತೀರಿ. ಕೋಟೆಯಲ್ಲಿ ಇಷ್ಟು, ಆನೆಯಲ್ಲಿ ಅಷ್ಟು ಎಂದು ಲೆಕ್ಕ ಹಾಕುತ್ತೀರಿ. ರಾಜ ಬರುವಾಗ ಹೂ ಎರಚುವ ಗುಂಪನ್ನು ಯಾರೂ ನೋಡುವುದಿಲ್ಲ. ಅಲ್ಲಿರುವ ಒಬ್ಬೊಬ್ಬಳ ನಾಲಿಗೆಯೂ ಒಣಗಿತ್ತು, ಒಬ್ಬೊಬ್ಬಳೂ ಹೊಟ್ಟೆ ಬಿಗಿಹಿಡಿದು ನಿಂತಿದ್ದಳು. ಆ ಖರ್ಚನ್ನು ಯಾವ ನಿರ್ಮಾಪಕನೂ ಹೇಳಿಕೊಳ್ಳುವುದಿಲ್ಲ, ಯಾಕೆಂದರೆ ಅದು ಅವನ ಜೇಬಿನದಲ್ಲ.

ನನ್ನನ್ನು ಕತ್ತರಿಸಲು ಗ್ಯಾಸ್ ಕಟ್ಟರ್ ತಂದಿಟ್ಟಿದ್ದಾರೆ. ಕತ್ತರಿಸಲಿ. ಕರಗಿಸಲಿ. ನನ್ನ ಕಬ್ಬಿಣದಿಂದ ಇನ್ನೊಂದು ಕ್ಯಾರವಾನ್ ಮಾತ್ರ ಮಾಡಬೇಡಿ. ಯಾವುದಾದರೂ ಬಯಲಿನಲ್ಲಿ, ಹೆಂಗಸರು ದಿನವಿಡೀ ನಿಲ್ಲುವ ಕಡೆ, ನಾಲ್ಕು ತಗಡಿನ ಒಂದು ಕಕ್ಕಸು ಮಾಡಿ. ಅದರ ಬಾಗಿಲಿಗೆ ಚಿಲಕ ಒಳಗಡೆ ಮಾತ್ರ ಇರಲಿ.