ಶಿವನಂಜಮ್ಮನ ಅಂಗೈ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನಮ್ಮ ಆರೈಕೆ ಮನೆಗೆ ಹೊಸ ಡಾಕ್ಟರು ಬಂದರು. ಹಾಸನೂರು ದಾಟಿ ಕಾಡಂಚಿನಲ್ಲಿದ್ದ ಅದನ್ನು ಜನ ಹುಚ್ಚರ ಮನೆ ಎನ್ನುತ್ತಿದ್ದರು. ಘಟ್ಟದ ಕೆಳಗಿನ ಸೀಮೆಯವರು, ನಮ್ಮ ಆಚಾರ ತಿಳಿಯದವರು; ಆದರೂ ಡಾಕ್ಟರು ದೇವರಂಥ ಮನುಷ್ಯ. ಬಂದ ವಾರದಲ್ಲೇ ಸರಪಳಿಗಳನ್ನು ಬಿಚ್ಚಿಸಿ ಗುಜರಿಗೆ ಹಾಕಿಸಿದರು. ಮಲಗಲು ಮಂಚ ಬಂತು, ಸ್ನಾನಕ್ಕೆ ಬಿಸಿನೀರು ಬಂತು. ಜೊತೆಗೆ ಒಂದು ಕಟ್ಟಳೆಯೂ ಬಂತು: ರೋಗಿಗಳ ಮೈಮೇಲೆ ಯಾವ ದಾರವೂ ಇರಕೂಡದು. ಹಿಂದಿನ ವರ್ಷ ಒಬ್ಬಳು ಉಡಿದಾರದಿಂದ ಕುತ್ತಿಗೆ ಬಿಗಿದುಕೊಂಡು ಸತ್ತಿದ್ದಳು. ಕಟ್ಟಳೆ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ನಾನು ಅಲ್ಲಿ ಆಯಾ. ತಾಳವಾಡಿ ಕಡೆಯ ಶಿವನಂಜಮ್ಮನನ್ನು ಅವಳ ಅಣ್ಣ ಪುಟ್ಟಬಸಪ್ಪ ಕರೆತಂದು ಬಿಟ್ಟುಹೋದ. ಮಗಳು ತೀರಿಕೊಂಡ ಮೇಲೆ ಅವಳಿಗೆ ಮಾತೇ ನಿಂತುಹೋಗಿತ್ತು. ಸೀರೆ ಬದಲಿಸುವಾಗ ನೋಡಿದರೆ ಕೊರಳಲ್ಲಿ ಶಿವದಾರ, ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ. ನಾನೂ ಲಿಂಗ ಕಟ್ಟಿದವಳೇ. ಲಿಂಗಪೂಜೆಯಾಗದೆ ನಮ್ಮವರು ಬಾಯಿಗೆ ತುತ್ತು ಇಡುವುದಿಲ್ಲವೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಬಿಚ್ಚಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಿಡಿಸಿಕೊಂಡು, ಕರಡಿಗೆಗೆ ಹೆಸರಿನ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟೆ.

ಮರುದಿನದಿಂದ ಅವಳು ಊಟ ಮುಟ್ಟಲಿಲ್ಲ. ಬೆಳಿಗ್ಗೆ ಸ್ನಾನವಾದ ಕೂಡಲೇ ಗೋಡೆಗೆ ಮುಖಮಾಡಿ ಕೂತು, ಎಡಗೈಯನ್ನು ಎದೆಮಟ್ಟಕ್ಕೆ ಹಿಡಿದು, ಖಾಲಿ ಅಂಗೈಯನ್ನೇ ನೋಡುತ್ತಿದ್ದಳು. ಡಾಕ್ಟರು ಅದನ್ನೂ ಕಾಯಿಲೆಯೆಂದೇ ಬರೆದುಕೊಂಡು ಮಾತ್ರೆ ಹೆಚ್ಚಿಸಿದರು. ಪಾಪ, ಅವರಿಗೇನು ಗೊತ್ತು. ಗೊತ್ತಿದ್ದ ನಾನು ನೀರಿನ ಲೋಟ ಹಿಡಿದು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ. ಹೇಳಿದರೆ ನನ್ನ ದಾರವನ್ನೂ ಬಿಚ್ಚಿಸಿಯಾರು ಎಂಬ ಭಯ. ಅಷ್ಟಕ್ಕೇ ಸುಮ್ಮನಿದ್ದೆ. ದಿನವೂ ನನ್ನ ಪೂಜೆ ಮುಗಿಸಿ, ಹೊಟ್ಟೆತುಂಬ ಉಂಡೇ ಕೆಲಸಕ್ಕೆ ಬರುತ್ತಿದ್ದೆ.

ಏಳನೆಯ ದಿನ ಮೂಗಿಗೆ ಕೊಳವೆ ಇಳಿಸಿ ಗಂಜಿ ಹೊಯ್ದರು. ಅವಳ ಕೈಗಳನ್ನು ಅದುಮಿ ಹಿಡಿದವಳು ನಾನು. ಗಂಜಿ ಉಸಿರಿನ ದಾರಿಗೆ ಹೋಗಿ ಜ್ವರ ಏರಿತು. ಅವಳ ಎದೆಯ ಗೊರಗೊರ ಕೇಳಿ ನನ್ನಿಂದ ತಡೆಯಲಾಗಲಿಲ್ಲ.

"ಸಾರ್, ಅವ್ಳ ಲಿಂಗ ಅವ್ಳಿಗ ಕೊಟ್ಬುಡಿ. ಅದಿಲ್ದೆ ನಾವು ಉಣ್ಣಕಿಲ್ಲ."

ಡಾಕ್ಟರು ನನ್ನನ್ನೇ ನೋಡಿದರು. "ಏಳು ದಿನ ಆಯಿತಲ್ಲ, ಮಂಗಳಮ್ಮ" ಎಂದರು, ಅಷ್ಟೇ. ತಾವೇ ಓಡಿಹೋಗಿ ಬೀರು ತೆಗೆದರು.

ಶಿವನಂಜಮ್ಮ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತಾನಾಗಿ ಬಾಯಿ ತೆರೆದಳು. ಎರಡು ಚಮಚ ಗಂಜಿ ಇಳಿಯಿತು. ಮೂರನೆಯದು ಕಟವಾಯಿಯಿಂದ ಹರಿದುಹೋಯಿತು. ಬೆಳಗಾಗುವಷ್ಟರಲ್ಲಿ ಅವಳು ಇರಲಿಲ್ಲ.

ಅಂದೇ ಡಾಕ್ಟರು ಸೇರ್ಪಡೆ ಫಾರಂಗೆ ಹೊಸ ಪ್ರಶ್ನೆ ಸೇರಿಸಿದರು: ಇವರ ಮೈಮೇಲಿಂದ ತೆಗೆಯಬಾರದ್ದು ಏನಾದರೂ ಇದೆಯೇ? ಅದನ್ನು ಕೇಳುವ ಕೆಲಸವನ್ನು ನನಗೇ ಒಪ್ಪಿಸಿದರು.

ಸುದ್ದಿ ಮುಟ್ಟಿ ಮಧ್ಯಾಹ್ನದ ಬಸ್ಸಿಗೆ ಪುಟ್ಟಬಸಪ್ಪ ಬಂದ. ತಂಗಿಯ ಮುಖ ನೋಡಿ, ನನ್ನ ಹತ್ತಿರ ಬಂದು ಕೇಳಿದ: "ಕೊನ್ಗ ಏನಾರ ಉಂಡ್ಳಾ?"

"ಪೂಜೆ ಮಾಡ್ಕಂಡು ಎರಡು ಚಮಚ ಗಂಜಿ ಕುಡುದ್ಲು ಕಣಣ್ಣ."

ಅವನು ಕೈಮುಗಿದ. "ಅಷ್ಟು ಸಾಕು ಕಣವ್ವ. ಅವತ್ತು ನಿನ್ನ ಅಣೆ ಮೇಲ ಈಬೂತಿ ನೋಡೇ ಇವ್ಳ ಇಲ್ಲಿ ಬುಟ್ಟೋಗಿದ್ದು. ನಮ್ಮೋರು ಒಬ್ರು ಅವ್ರಲ್ಲ, ನೋಡ್ಕತಾರ ಅಂತ."

ನಾನು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡೆ.