ಮೊಣಕಾಲ ಕೆಳಗಿನ ಬಿಳಿ ನೂಲು

ದೊಡ್ಡ ಚಳಿ ಮುಗಿಯಲು ಇನ್ನೂ ಸ್ವಲ್ಪ ದಿನ ಬಾಕಿ ಇತ್ತು. ಬೆಳಗಿನ ಉಪ್ಪು ಹಾಕಿದ ಹಾಲು ಚಹಾ ಕುಡಿದು ಬಟ್ಟಲು ಮಗುಚಿಟ್ಟಾಗಿತ್ತು. ಮಾಡಿನ ಬೆಳಕಿಂಡಿಯಿಂದ ಬಿಸಿಲು ಇಳಿದು ಒಲೆಯ ಪಕ್ಕದ ಕಂಬವನ್ನು ಮುಟ್ಟುವ ಹೊತ್ತು. ನಾನು ಮೇಕೆ ಕೂದಲು ನೂಲುತ್ತ ಕೂತಿದ್ದೆ. ನಮ್ಮ ಬರ್ತಂಗ್ ಕಣಿವೆಯಲ್ಲಿ ಮೇಕೆಯ ಒರಟು ಕೂದಲು ಗಂಡಸರ ಪಾಲು. ಕುರಿಯ ಉಣ್ಣೆ, ಮೇಕೆಯ ಕೂದಲಿನ ಅಡಿಯಲ್ಲಿರುವ ನಯವಾದ ತುಪ್ಪಳ, ಇವೆರಡೂ ಹೆಂಗಸರವು. ಅವರ ಪಾಲಿನ ವಿಷಯದಲ್ಲಿ ಗಂಡಸು ಬಾಯಿ ಹಾಕಿದರೆ ಊರೆಲ್ಲ ನಗುತ್ತದೆ.

ನನ್ನ ತಂಗಿ ಬೆಗಿಮ್ ಬಾಗಿಲು ತಳ್ಳಿಕೊಂಡು ಬಂದಳು. ತಲೆಯ ಮೇಲಿನ ವಸ್ತ್ರ ಹೆಗಲಿಗೆ ಜಾರಿತ್ತು.

"ಅಣ್ಣಾ, ಸೊಸೆಗೆ ಹೆರಿಗೆ ಆಯ್ತು. ಹೆಣ್ಣು."

"ಈಗಲೇ?" ಅಂದಳು ನನ್ನ ಹೆಂಡತಿ ಜೇವರ್. "ಇನ್ನೂ ಏಳನೇ ತಿಂಗಳಲ್ವೇನೇ?"

"ಹೂಂ ಅತ್ತಿಗೆ. ಕಾಯೋಕೆ ಆಗಲಿಲ್ಲ ಅದಕ್ಕೆ. ನನ್ನ ಎರಡು ಅಂಗೈ ಸೇರಿಸಿದರೆ ಅದರಲ್ಲೇ ಮಲಗುತ್ತೆ."

"ಉಸಿರಾಡ್ತಿದೆಯಾ?"

"ಆಡ್ತಿದೆ. ಬೆಕ್ಕಿನ ಮರಿ ಥರ."

ನಾನು ಕದಿರು ಕೆಳಗಿಟ್ಟು ಪೆಟ್ಟಿಗೆಯಿಂದ ನನ್ನ ಮದುವೆಯ ಕಾಲುಚೀಲ ತೆಗೆದು ಹಾಕಿಕೊಂಡೆ. ಹೊಸದಾಗಿ ಹುಟ್ಟಿದವರನ್ನು ನೋಡಲು ಕೆಲಸದ ಬಟ್ಟೆಯಲ್ಲಿ ಹೋಗುವುದು ನಮ್ಮಲ್ಲಿ ಇಲ್ಲ.

ಆ ಕಾಲುಚೀಲದ ಬಗ್ಗೆ ಹೇಳಬೇಕು. ಮೊಣಕಾಲಿನವರೆಗೆ ಬರುವ ಜೋಡಿ ಅದು. ಜೇವರ್ ಮದುವಣಗಿತ್ತಿಯಾಗಿದ್ದಾಗ ನನಗಾಗಿ ಹೆಣೆದದ್ದು. ಆ ವರ್ಷ ಹಿಮ ಬೇಗ ಬಿದ್ದು ಲಾರಿ ಬರಲಿಲ್ಲ, ಬಣ್ಣದ ಪುಡಿ ಸಿಗಲಿಲ್ಲ. ಅವಳ ತಾಯಿ ಗಂಟು ಕಟ್ಟಿಟ್ಟಿದ್ದ ಚೂರುಪಾರು ಕೆಂಪು, ಹಳದಿ ಎಲ್ಲವೂ ಪಾದ, ಹಿಮ್ಮಡಿಗಳಿಗೇ ಖರ್ಚಾಯಿತು. ಕಾಲಿನ ಹರಡಿನಿಂದ ಮೇಲೆ ಬರೀ ಬಿಳಿ. ಬೇರೆ ಮದುಮಕ್ಕಳ ಕಾಲು ಹೂವಿನ ತೋಟದ ಹಾಗಿದ್ದರೆ ನನ್ನದು ಬೋಳು. ಆಗ ಬೆಗಿಮ್ ಇನ್ನೂ ಲಂಗದ ಹುಡುಗಿ. ದಿಬ್ಬಣದ ನಡುವೆ ನಿಂತು ಕೂಗಿದ್ದಳು: "ಅತ್ತಿಗೇ, ಅರ್ಧ ಉಣ್ಣೇಲಿ ಹೆಣೆದು ಮಿಕ್ಕಿದ್ದು ಹಿಮದಲ್ಲಿ ಹೆಣೆದ್ರಾ?" ಆ ಮಾತು ಊರಲ್ಲಿ ಎಷ್ಟೋ ಚಳಿಗಾಲ ಓಡಾಡಿತು. ಜೇವರ್ ಉತ್ತರ ಕೊಡಲಿಲ್ಲ. ಆದರೆ ಆಮೇಲೆ ಅವಳು ಬರೀ ಬಿಳಿಯದ್ದನ್ನು ಯಾರಿಗೂ ಹೆಣೆಯಲಿಲ್ಲ.

ನಾನು ಅದನ್ನು ಹಾಕಿಕೊಂಡೇ ಕುರಿಯ ಹಿಂದೆ ಬೆಟ್ಟ ಹತ್ತಿದವನು. ಅಂಗಾಲು ಸವೆದು ಚರ್ಮದ ತೇಪೆ ಬಿತ್ತು, ತೇಪೆಯೂ ಸವೆದು ಇನ್ನೊಂದು ಬಿತ್ತು. ಜೇವರ್ ಹೊಳೆಯಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದಳು. ಮೇಲಿನ ಬಿಳಿ ಮಾತ್ರ ಹಾಗೇ ಉಳಿಯಿತು. ಈಗ ಅವಳ ಬೆರಳುಗಳು ಗಂಟು ಕಟ್ಟಿ ಬಾಗಿವೆ, ಹೆಣೆಯುವ ಕೊಕ್ಕೆ ಹಿಡಿಯಲು ಆಗುವುದಿಲ್ಲ. ಅವಳ ಕೈಯ ಹೆಣಿಗೆಯಲ್ಲಿ ಮನೆಯಲ್ಲಿ ಉಳಿದದ್ದು ಅದೊಂದೇ. ಅದಕ್ಕೇ ಈಗ ಪೆಟ್ಟಿಗೆಯಲ್ಲಿಟ್ಟು ವಿಶೇಷ ದಿನಕ್ಕೆ ಮಾತ್ರ ಹಾಕುತ್ತೇನೆ.

ಬೆಗಿಮಳ ಮನೆಯಲ್ಲಿ ಸೊಸೆ ಶರೋಫತ್ ರಜಾಯಿಯೊಳಗೆ ಒರಗಿ ಕೂತಿದ್ದಳು. ಮಗು ಅವಳ ಬರಿ ಎದೆಯ ಮೇಲೆ. ಹೊರಗೆ ಕಾಣುತ್ತಿದ್ದದ್ದು ತಲೆ ಒಂದೇ, ಸಣ್ಣ ಸೇಬಿನಷ್ಟು. ಮಗುವಿನ ಅಪ್ಪ ಜರೀಫ್ ಲಾರಿ ಓಡಿಸುವವನು. ಹಿಮ ಕುಸಿದು ದಾರಿ ಮುಚ್ಚಿ ಖೊರೊಗ್ ಪಟ್ಟಣದಲ್ಲಿ ಸಿಕ್ಕಿಬಿದ್ದಿದ್ದ. ಊರ ನರ್ಸ್ ಲೋಲಾ ಫೋನಿಗೆ ಸಿಗ್ನಲ್ ಹುಡುಕಿಕೊಂಡು ಹಿಂದಿನ ಬಂಡೆ ಹತ್ತಿ, ಪಟ್ಟಣದ ಡಾಕ್ಟರ ಹತ್ತಿರ ಮಾತಾಡಿ ಬಂದಿದ್ದಳು.

"ದಾರಿ ತೆಗೆಯೋವರೆಗೆ ನಾವೇ ನೋಡ್ಕೋಬೇಕು," ಅಂದಳು. "ತಾಯಿ ಎದೆ ಮೇಲೇ ಇರಲಿ. ತಲೆ ಮಾತ್ರ ತಣ್ಣಗಾಗಬಾರದು. ಶಾಖ ಎಲ್ಲ ಅಲ್ಲಿಂದಲೇ ಹೋಗ್ಬಿಡುತ್ತೆ. ಹೋದ್ರೆ ಕೂಸು ಉಳಿಯೋದು ಕಷ್ಟ."

ಹತ್ತಿ ಬಟ್ಟೆ ಸುತ್ತಿ ನೋಡಿದ್ದರು. ಜಾರಿ ಬೀಳುತ್ತಿತ್ತು. ಹಾಲು, ಬೆವರು ತಾಗಿ ಒದ್ದೆಯಾದರೆ ಅದೇ ತಣ್ಣಗೆ ಕೊರೆಯುತ್ತಿತ್ತು. ಉಣ್ಣೆಯ ಟೋಪಿಯೇ ಬೇಕು, ತಲೆಗೆ ಅಂಟಿ ಕೂರುವಂಥದ್ದು.

"ಅದಕ್ಯಾಕೆ ಚಿಂತೆ?" ಅಂದಳು ಬೆಗಿಮ್. ನಮ್ಮ ಊರಲ್ಲಿ ಅವಳಷ್ಟು ಚುರುಕಾಗಿ ಹೆಣೆಯುವವರಿಲ್ಲ. ಮೇಕೆಯ ತುಪ್ಪಳದ ನೂಲನ್ನು ತೆಗೆದಳು. ಹಬೆಯನ್ನೇ ಹಿಡಿದು ನೂಲಿದ ಹಾಗಿತ್ತು. ಸೈಕಲ್ ಚಕ್ರದ ಕಡ್ಡಿಯಿಂದ ಮಾಡಿದ ಅವಳ ಕೊಕ್ಕೆ ಓಡಿತು. ರೊಟ್ಟಿ ಬೇಯುವಷ್ಟರಲ್ಲಿ ಟೋಪಿ ಆಯಿತು. ಎಲ್ಲರೂ ಕೆನ್ನೆಗೆ ಒತ್ತಿಕೊಂಡು ನೋಡಿದೆವು. ಅದಕ್ಕಿಂತ ನಯವಾದದ್ದು ಇನ್ನೇನಿದೆ ಅಂದುಕೊಂಡೆವು.

ಮಾರನೇ ಬೆಳಿಗ್ಗೆ ಹೋದಾಗ ಮಗು ಸೀನುತ್ತಿತ್ತು. ಆ ಸೀನಿಗೆ ಅದರ ಇಡೀ ಮೈ ನಡುಗುತ್ತಿತ್ತು. ಲೋಲಾ ಒದ್ದೆ ಬಟ್ಟೆಯ ತುದಿಯಿಂದ ಅದರ ಮೂಗು ಒರೆಸಿ ನಮಗೆ ತೋರಿಸಿದಳು. ಕಂಡೂ ಕಾಣದ ಒಂದು ಬಿಳಿ ಎಳೆ.

"ಬೆಗಿಮಮ್ಮಾ, ಇದು ಉದುರ್ತಿದೆ. ಇಷ್ಟು ಸಣ್ಣ ಮೂಗು, ಇದು ತುಂಬಿಕೊಂಡ್ರೆ ಉಸಿರು ಎಲ್ಲಿಂದ ಬರಬೇಕು?"

ಬೆಗಿಮ್ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಸವರಿ ನೋಡಿದಳು.

ಸುದ್ದಿ ಹರಡಿತು. ಬಿಸಿಲು ಎರಡನೇ ಕಂಬಕ್ಕೆ ಬರುವ ಹೊತ್ತಿಗೆ ಹೆಂಗಸರು ಮನೆಮನೆಯಿಂದ ನೂಲಿನ ಉಂಡೆ ಹಿಡಿದುಕೊಂಡು ಬಂದರು. ಲೋಲಾ ತನ್ನ ಕಪ್ಪು ಶಾಲು ಹಾಸಿದಳು. "ಇದರ ಮೇಲೆ ಉಜ್ಜಿ. ಎಳೆ ಬಿಟ್ಟರೆ ಬೇಡ."

ಪಕ್ಕದ ಮನೆಯ ತೋಶ್‌ಬೀಬಿ ಗುಲಾಬಿ ಬಣ್ಣದ ಮಿರಿಮಿರಿ ನೂಲು ತಂದಿದ್ದಳು. "ಮಾಸ್ಕೋದಿಂದ ಮಗಳು ಕಳಿಸಿದ್ದು. ನೋಡಿ, ಒಂದು ಎಳೆ ಉದುರಿದ್ರೆ ನನ್ನ ಹೆಸರು ಬದಲಾಯಿಸಿ."

ಉದುರಲಿಲ್ಲ. ಜೇವರ್ ಅದನ್ನು ತುಟಿಗೆ ಒತ್ತಿಕೊಂಡಳು. ಬೆರಳಿಗೆ ಸ್ಪರ್ಶ ತಿಳಿಯದ ಮೇಲೆ ಅವಳು ತುಟಿಯಲ್ಲೇ ಎಲ್ಲ ನೋಡುವುದು.

"ಇದು ಬಿಸಿ ಹಿಡಿಯಲ್ಲ ತೋಶ್‌ಬೀಬಿ. ಬೆವರಿಸುತ್ತೆ ಅಷ್ಟೇ."

"ಬಟ್ಟೆ ತೊಳೆಯೋ ಪ್ಲಾಸ್ಟಿಕ್ ಬಕೇಟನ್ನೇ ತಲೆಗೆ ಬೋರಲು ಹಾಕಿದ ಹಾಗಾಗುತ್ತೆ," ಅಂತ ಹಿಂದಿನಿಂದ ಯಾರೋ ಅಂದರು.

"ನಿನ್ನ ನೂಲು ಹಾಕಿದ್ರೆ ಕುರಿದೊಡ್ಡಿ ವಾಸನೆಗೆ ಕೂಸು ಮೂರ್ಛೆ ಹೋಗುತ್ತೆ," ಅಂದಳು ತೋಶ್‌ಬೀಬಿ.

ಮುರ್ಗಾಬ್ ಕಡೆಯ ಒಂಟೆ ಉಣ್ಣೆ ಬಂತು. ಬೆಚ್ಚಗಿತ್ತು, ಆದರೆ ಶಾಲಿನ ಮೇಲೆ ಕಂದು ಕೂದಲು ಬಿಟ್ಟಿತು. ಕೆಂಪು ಹಾಕಿದ ನೂಲು ಬಂತು, ಒದ್ದೆ ಬೆರಳಿಗೆ ಬಣ್ಣ ಹತ್ತಿತು. ಕುರಿಮರಿಯ ಮೊದಲ ಕತ್ತರಿಯ ಉಣ್ಣೆ ಬಂತು, ಹೋದ ಶರತ್ಕಾಲದಲ್ಲಿ ನೂಲಿದ್ದು. ಎಲ್ಲರೂ ಇದೇ ಸರಿ ಅಂದರು. ಉಜ್ಜಿದರೆ ಶಾಲಿನ ಮೇಲೆ ಸಣ್ಣ ಹಿಮ ಬಿದ್ದ ಹಾಗೆ ಆಯಿತು.

"ಹೊಸ ನೂಲು," ಅಂದಳು ಜೇವರ್. "ಹೊಸದು ಉದುರಲೇಬೇಕು. ನಾಲ್ಕಾರು ಚಳಿಗಾಲ ನೀರು ಕಂಡಿದ್ದು ಬೇಕು."

"ಹಳೇದಕ್ಕೆಲ್ಲ ಬಣ್ಣ ಇದೆಯಲ್ಲ ಅತ್ತಿಗೆ," ಅಂದಳು ಬೆಗಿಮ್. "ಬಣ್ಣ ಇಲ್ಲದ ಹಳೇದು ಯಾರ ಹತ್ರ ಇದೆ ಈ ಊರಲ್ಲಿ?"

ನಾನು ಮೂಲೆಯಲ್ಲಿ ಕಾಲು ಮಡಿಚಿಕೊಂಡು ಕೂತಿದ್ದೆ. ಹೆಂಗಸರ ನೂಲು, ನನಗೇನು ಕೆಲಸ? ಲೋಲಾ ಶಾಲು ಕೊಡವುತ್ತಿದ್ದವಳು ನನ್ನ ಕಡೆ ತಿರುಗಿ ನಿಂತುಬಿಟ್ಟಳು.

"ಬೋಬೋ," ಅಂದಳು. ಅಜ್ಜಂದಿರನ್ನು ನಮ್ಮಲ್ಲಿ ಹಾಗೇ ಕರೆಯುವುದು. "ನಿಮ್ಮ ಪ್ಯಾಂಟು ಕಪ್ಪು. ಕಾಲುಚೀಲ ಬಿಳಿ. ಒಂದು ಎಳೆನೂ ಅಂಟಿಲ್ವಲ್ಲ!"

ಎಲ್ಲರೂ ನನ್ನ ಕಾಲು ನೋಡಿದರು. ಲೋಲಾ ಬಂದು ಶಾಲಿನ ತುದಿಯಿಂದ ನನ್ನ ಮೀನಖಂಡವನ್ನು ಗಸಗಸ ಉಜ್ಜಿದಳು. ಶಾಲು ಕಪ್ಪಾಗಿಯೇ ಉಳಿಯಿತು.

ಒಂದು ಕ್ಷಣ ಎಲ್ಲರೂ ಖುಷಿಯಿಂದ ಗದ್ದಲ ಎಬ್ಬಿಸಿದರು. ಆಮೇಲೆ ಬೆಗಿಮ್ ಅಂದಳು, "ಬೇಡ."

ಯಾಕೆ ಅಂತ ಅಲ್ಲಿ, ಬೇರೆ ಕಡೆಯಿಂದ ಕೆಲಸಕ್ಕೆ ಬಂದಿದ್ದ ಲೋಲಾ ಬಿಟ್ಟು, ಯಾರೂ ಕೇಳಬೇಕಾಗಿರಲಿಲ್ಲ. ನೆಲ ಮೆಟ್ಟುವ ಕಾಲುಚೀಲದ ನೂಲನ್ನು ಬಿಚ್ಚಿ ತಲೆಗೆ ಹಾಕುವುದು ನಮ್ಮಲ್ಲಿ ಇಲ್ಲ. ಸತ್ತರೂ ಹಾಕುವುದಿಲ್ಲ. ಹಳೇ ಕಾಲುಚೀಲ ಬಿಚ್ಚಿದರೆ ಮತ್ತೆ ಕಾಲುಚೀಲವೇ ಆಗಬೇಕು, ಇಲ್ಲವೇ ಕತ್ತೆಯ ತಡಿಯೊಳಗೆ ತುಂಬಬೇಕು.

"ಅದು ಹುಟ್ಟಿ ಎರಡು ದಿನ ಆಗಿಲ್ಲ," ಅಂದಳು ಬೆಗಿಮ್. "ಅದರ ತಲೆ ಮೇಲೆ ಅಂಗಾಲಿನ ಧೂಳು ಹೊರಿಸ್ಲಾ? ನಾಳೆ ಏನಾದ್ರೂ ಆದ್ರೆ ನಾನೇ ಮಾಡಿದ್ದು ಅಂತ ಸಾಯೋವರೆಗೆ ಕೊರಗ್ಲಾ?"

ಲೋಲಾ ಮಗುವಿನ ನೆತ್ತಿ ಮುಟ್ಟಿ ನೋಡಿದಳು. ಅವಳ ಹುಬ್ಬು ಗಂಟಾಯಿತು. ಶರೋಫತ್ ರಜಾಯಿಯನ್ನು ಇನ್ನೂ ಮೇಲಕ್ಕೆ ಎಳೆದುಕೊಂಡಳು.

ಜೇವರ್ ಎದ್ದು ಬಂದು ನನ್ನ ಮುಂದೆ ಕೂತಳು. "ಕಾಲು ಚಾಚಿ."

ಚಾಚಿದೆ.

"ಬೆಗಿಮ್, ಬಾ ಇಲ್ಲಿ. ಕಾಲುಚೀಲ ಎಲ್ಲಿಂದ ಶುರು ಮಾಡ್ತೀವಿ?"

"ಬೆರಳ ತುದಿಯಿಂದ. ಇದೇನು ನನ್ನ ಕೇಳ್ತೀರಿ?"

"ಮುಗಿಯೋದು?"

"ಮೊಣಕಾಲ ಹತ್ರ."

"ಬಿಚ್ಚೋದು ಮುಗಿದ ಕಡೆಯಿಂದ ತಾನೇ? ಇಲ್ಲಿಂದ ಬಿಚ್ತೀನಿ, ಹರಡಿನ ಮೇಲೆ ಕತ್ತರಿಸ್ತೀನಿ. ಪಾದದ ನೂಲು ಪಾದದಲ್ಲೇ ಇರುತ್ತೆ. ಈ ಬಿಳಿ ಯಾವತ್ತೂ ನೆಲ ಮುಟ್ಟಿಲ್ಲ."

ಬೆಗಿಮ್ ನೋಡಿದಳು. ಆದರೂ ತಲೆ ಅಲ್ಲಾಡಿಸಿದಳು. "ಕಾಲುಚೀಲ ಅಂದ್ರೆ ಕಾಲುಚೀಲನೇ ಅತ್ತಿಗೆ."

ಆಗ ಶರೋಫತ್ ಮಾತಾಡಿದಳು. ಆ ಮನೆಗೆ ಬಂದು ಎರಡು ವರ್ಷವಾದರೂ ಅತ್ತೆಯ ಎದುರು ದನಿ ಎತ್ತಿದವಳಲ್ಲ.

"ಅತ್ತೆ, ನಿಮ್ಮ ಮಗ ಹೇಳ್ತಾ ಇರ್ತಾರೆ. ಚಿಕ್ಕವರಿದ್ದಾಗ ಹಬ್ಬದ ದಿನ ಈ ಸೋದರಮಾವನ ಮಡಿಲಿಗೆ ಓಡಿಹೋಗಿ ಅವರ ಮೊಣಕಾಲ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಿದ್ರಂತೆ. ಬಿಳಿ ಕಾಲುಚೀಲ ಕೆನ್ನೆಗೆ ಮೆತ್ತಗಿರ್ತಿತ್ತು ಅಂತಾರೆ. ಅವರ ತಲೆಗೆ ಆಗಿದ್ದು ಅವರ ಮಗಳ ತಲೆಗೆ ಆಗಲ್ವಾ?"

ತೋಶ್‌ಬೀಬಿ ಮೆಲ್ಲಗೆ, "ನನ್ನ ಮಗಳೂ ಅಲ್ಲೇ ಮಲಗ್ತಿದ್ಲು. ಈಗ ಮಾಸ್ಕೋದಲ್ಲಿ ಚೆನ್ನಾಗೇ ಇದಾಳೆ," ಅಂದಳು.

ಬೆಗಿಮ್ ತೋಳಿನಿಂದ ಮೂಗು ಒರೆಸಿಕೊಂಡಳು. ಸೊಂಟದಿಂದ ಕೊಕ್ಕೆ ಎಳೆದಳು. "ಬಿಚ್ಚಿ ಅತ್ತಿಗೆ. ಬೇಗ ಬಿಚ್ಚಿ."

ತೆಗೆದು ಕೊಡುತ್ತೇನೆ ಅಂದೆ. "ಇರಲಿ, ಹಾಗೇ ಕೂತಿರಿ, ಎಳೆಯೋಕೆ ಸುಲಭ," ಅಂದಳು ಜೇವರ್. ಮೇಲಿನ ಅಂಚಿನ ಗಂಟನ್ನು ಅವಳ ಬೆರಳು ಬಿಚ್ಚಲು ಒಪ್ಪಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಆಮೇಲೆ ಎಳೆದಳು. ನನ್ನ ಮೀನಖಂಡವನ್ನು ಸುತ್ತಿ ಸುತ್ತಿ ನೂಲು ಹೊರಟಿತು. ಅವಳ ಮುಖ ನೋಡಿದೆ. ಒಂದೊಂದು ಸಾಲು ಹೋಗುವಾಗಲೂ ಅವಳಿಗೆ ಅದನ್ನು ಹೆಣೆದ ದಿನ ನೆನಪಾಗುತ್ತಿರಬೇಕು ಅಂದುಕೊಂಡೆ. ಆದರೆ ಅವಳು ಅಂದದ್ದು ಇಷ್ಟೇ: "ಅಲ್ಲಾಡಬೇಡಿ, ಸಿಕ್ಕಾಗುತ್ತೆ."

ಎಷ್ಟೋ ವರ್ಷ ಒಂದೇ ಮಡಿಕೆಯಲ್ಲಿದ್ದ ನೂಲು ಗುಂಗುರು ಗುಂಗುರಾಗಿತ್ತು. ಬಿಸಿನೀರಿನಲ್ಲಿ ಅದ್ದಿ, ತುದಿಗೆ ಕಲ್ಲು ಕಟ್ಟಿ ಒಲೆಯ ಮೇಲಿನ ತೊಲೆಗೆ ನೇತುಹಾಕಿದರು. ನೇರವಾಗಿ ಒಣಗಿದ ಮೇಲೆ ಬೆಗಿಮ್ ಅದನ್ನು ಒಮ್ಮೆ ತುಟಿಗೆ ಒತ್ತಿ ನೋಡಿದಳು, ಅತ್ತಿಗೆಯ ಹಾಗೆ. ನೆತ್ತಿಯಿಂದ ಶುರು ಮಾಡಿದಳು. ಈ ಸಲ ಕೊಕ್ಕೆ ಓಡಲಿಲ್ಲ, ನಿಧಾನವಾಗಿ ನಡೆಯಿತು. ಎರಡು ಸಲ ಬಿಚ್ಚಿ ಮತ್ತೆ ಹೆಣೆದಳು.

"ಅತ್ತಿಗೆ," ಅಂದಳು ತಲೆ ಎತ್ತದೆ. "ಆ ವರ್ಷ ಬಣ್ಣದ ಲಾರಿ ಬಂದಿದ್ರೆ ಇವತ್ತು ನಮ್ಮ ಗತಿ ಏನಾಗ್ತಿತ್ತು?"

"ಹಿಮದಲ್ಲೇ ಹೆಣೆದೆ ಅಂದಿದ್ದೆಯಲ್ಲ," ಅಂದಳು ಜೇವರ್. "ಕರಗಲಿಲ್ಲ ನೋಡು."

ಅಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬೆಗಿಮ್. ನಗುತ್ತ ಕಣ್ಣು ಒರೆಸಿಕೊಂಡಳು, ಕೊಕ್ಕೆ ಬಿಡಲಿಲ್ಲ.

ಟೋಪಿ ಕೂಸಿನ ತಲೆಗೆ ಬಿಗಿಯೂ ಆಗದೆ ಸಡಿಲವೂ ಆಗದೆ ಕೂತಿತು. ಲೋಲಾ ಗಳಿಗೆ ಗಳಿಗೆಗೂ ನೆತ್ತಿಯ ಒಳಗೆ ಬೆರಳು ತೂರಿಸಿ ನೋಡುತ್ತಿದ್ದಳು. ಬಿಸಿಲು ಬೆಳಕಿಂಡಿಯಿಂದ ಹೊರಗೆ ಹೋಗುವ ಹೊತ್ತಿಗೆ, "ಬೆಚ್ಚಗಿದೆ," ಅಂದಳು. ಆಮೇಲೆ ಇನ್ನೊಮ್ಮೆ ಮುಟ್ಟಿ ಅದನ್ನೇ ಅಂದಳು. ಮಗು ಸೀನಲಿಲ್ಲ. ಬಾಯಿ ತೆರೆದು ಅತ್ತಿತು. ಅಷ್ಟು ಸಣ್ಣ ದನಿಗೆ ಅಷ್ಟು ಜನ ಖುಷಿಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ಕಾಲಿನ ನೂಲಿನಿಂದ ಎದೆಗವುಚುವ ಒಂದು ಅಂಗಿ ಆಯಿತು. ಕೂಸು ದಿನಕ್ಕೊಂದು ಚೂರು ಕೆಂಪಾಗುತ್ತ, ಕುಡಿಯುತ್ತ, ಅತ್ತು ಮನೆಯವರನ್ನು ಎಬ್ಬಿಸುತ್ತ ಬಂತು. ಹೆತ್ತವಳೂ ಮಗುವೂ ಹೊಸ್ತಿಲು ದಾಟದ ನಲವತ್ತು ದಿನ ಕಳೆದವು. ಹೊಸ ವರ್ಷದ ನವ್ರೂಜ್ ಹಬ್ಬದ ದಿನ ಗುಲ್ನಮೋ ಅಂತ ಹೆಸರಿಟ್ಟರು.

ಆ ಹಬ್ಬಕ್ಕೆ ನಾನು ಹರಡಿನವರೆಗಿನ ತುಂಡು ಕಾಲುಚೀಲದಲ್ಲೇ ಹೋದೆ. ಊರೆಲ್ಲ ನಕ್ಕಿತು. "ಬೋಬೋ, ನಿಮ್ಮ ಕಾಲುಚೀಲಕ್ಕೆ ಬೇಸಿಗೆ ಬಂತಾ?" ಅಂತ ಹುಡುಗರು ಕೇಳಿದರು. ಬೆಗಿಮ್ ಹೊಸದೊಂದು ಜೋಡಿ ಹೆಣೆದುಕೊಟ್ಟಳು, ಬೆರಳ ತುದಿಯಿಂದ ಮೊಣಕಾಲಿನವರೆಗೆ ಒಂದು ಬೆರಳಗಲವೂ ಬಿಡದೆ ಬಣ್ಣ. ಹರಡಿನ ಮೇಲೆ ಒಂದೇ ಒಂದು ಸಾಲು ಬಿಳಿ ಇಟ್ಟಿದ್ದಳು.

ದಾರಿ ತೆಗೆದ ಮೇಲೆ ಜರೀಫ್ ಲಾರಿ ಹತ್ತಿಸಿಕೊಂಡು ಬಂದ. ಮಗಳನ್ನು ಎತ್ತಿಕೊಳ್ಳಲು ಹೆದರಿ ಮೊದಲು ಟೋಪಿಯನ್ನೇ ಮುಟ್ಟಿದ, ಆಮೇಲೆ ನನ್ನ ಕಾಲ ಕಡೆ ನೋಡಿದ. ಪಟ್ಟಣದ ಡಾಕ್ಟರು ಒಮ್ಮೆ ಕಣ್ಣಾರೆ ನೋಡಬೇಕು ಅಂದಿದ್ದರು. ಹಾಗಾಗಿ ಅವನು, ಶರೋಫತ್, ಬಿಳಿ ಟೋಪಿಯ ಗುಲ್ನಮೋ, ಮೂವರೂ ಖೊರೊಗ್‌ಗೆ ಹೊರಟರು. ನವ್ರೂಜ್ ಕಳೆದ ಮೊದಲ ಗುರುವಾರ, ಬೆಳಗಿನ ಚಹಾ ಕುಡಿದು.