ಇಸ್ತ್ರಿ ಅಂಗಡಿಯ ಡಬ್ಬಿ

ಗಾಳಿ ಅಳೆಯಲು ಬಂದ ಸಂಶೋಧಕಿಗೆ ಟೈಲರಕ್ಕ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

“ನೋಡಿ ಮೇಡಂ, ಹಿಂದೆ ಬಂದೋರು ಯಾರ್ಯಾರಿಗೆ ಕೆಮ್ಮು ಅಂತ ಕೇಳ್ಕೊಂಡು ಹೋದ್ರು. ಆಮೇಲೆ ಪತ್ತೆನೇ ಇಲ್ಲ. ಈ ಸಲ ಹಾಗಾಗಲ್ಲ. ಧೂಳು ಅಳೆಯೋ ಡಬ್ಬಿ ಎಲ್ಲಿ ಕಟ್ಬೇಕು ಅಂತ ನಾವು ಹೇಳ್ತೀವಿ. ಯಾರ ಬಾಗಿಲಲ್ಲಿ ಡಬ್ಬಿ ಇರುತ್ತೋ ಲೆಕ್ಕ ಅವರದ್ದು. ಅವರು ಹೂಂ ಅನ್ನದೆ ಅದು ಓಣಿ ದಾಟ್ಬಾರ್ದು.”

ಸಂಶೋಧಕಿ ಒಪ್ಪಿದಳು. ಒಪ್ಪದೆ ಇದ್ದಿದ್ದರೆ ಟೈಲರಕ್ಕ ಅವಳನ್ನು ಒಂದು ಲೋಟ ನೀರು ಕೊಟ್ಟು ಸಾಗಹಾಕುತ್ತಿದ್ದಳು, ಅದರಲ್ಲಿ ಅನುಮಾನವೇ ಬೇಡ. ಓಣಿಯ ಬಾಯಲ್ಲೇ ಲಾರಿ ಡಿಪೋ ಇತ್ತು. ಬೆಳಗಾದರೆ ಲಾರಿಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಒಣಹಾಕಿದ ಬಟ್ಟೆ ಮಸಿ ಹಿಡಿಯುತ್ತಿತ್ತು. ಲಾರಿಗಳನ್ನು ಊರಾಚೆಯ ರಸ್ತೆಗೆ ತಿರುಗಿಸಲಿ ಎಂದು ಪುರಸಭೆಗೆ ಕೇಳಿಕೊಂಡು ಓಣಿಯವರಿಗೆ ಸಾಕಾಗಿತ್ತು. ಈಗ ಅಂಗೈಯಗಲದ ಬಿಳಿ ಡಬ್ಬಿಗಳು ಕಿಟಕಿ ಕಿಟಕಿಯಲ್ಲೂ ನೇತಾಡುತ್ತ ಗಾಳಿಯ ಧೂಳನ್ನು ಎಣಿಸಿ, ತಾವಿರುವ ಜಾಗದ ಸಮೇತ ಬರೆದಿಡತೊಡಗಿದವು.

ಲಾರಿಗಳ ವಿಷಯಕ್ಕೆ ಪುರಸಭೆ ಕರೆದ ಸಭೆಗೆ ಇನ್ನು ನಾಲ್ಕು ದಿನವಿದ್ದಾಗ ಸಂಶೋಧಕಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಓಣಿಯ ನಕ್ಷೆ ಹರಡಿದಳು. ಟೈಲರಕ್ಕ ಬಗ್ಗಿ ನೋಡಿದಳು. ಎಲ್ಲಕ್ಕಿಂತ ಹೆಚ್ಚು ಧೂಳಿನ ಕಡುಕೆಂಪು ಚುಕ್ಕೆ ಡಿಪೋದ ಹತ್ತಿರ ಇರಲಿಲ್ಲ. ಅವಳ ಅಂಗಡಿಯ ಪಕ್ಕದಲ್ಲೇ ಇತ್ತು, ಮೈದುನನ ಇಸ್ತ್ರಿ ಅಂಗಡಿಯಲ್ಲಿ.

“ಅಲ್ಲಿ ಡಬ್ಬೀನೇ ಕಟ್ಟಿಲ್ಲವಲ್ಲ!”

ಒಳಗಿನಿಂದ ಅತ್ತೆ ಇಣುಕಿದರು. “ನಾನೇ ಕಟ್ಟಿದ್ದು ಕಣೇ. ನನ್ನ ಕಿಟಕೀಲಿ ಸುಮ್ನೆ ನೇತಾಡ್ತಿತ್ತು. ಅವನ ಇದ್ದಿಲಿನ ಹತ್ರ ಇಟ್ರೆ ಹೊಟ್ಟೆ ತುಂಬ ಹೊಗೆ ತಿನ್ನುತ್ತೆ, ದೊಡ್ಡ ನಂಬರ್ ಬಂದ್ರೆ ಡಿಪೋದೋನು ಬಾಯಿ ಮುಚ್ಚಿಕೊಳ್ತಾನೆ ಅಂತ.”

ಟೈಲರಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಗೆಯೆಲ್ಲ ಓಣಿಯವರ ಇದ್ದಿಲಿನದ್ದೇ ಎಂದು ಡಿಪೋ ಮ್ಯಾನೇಜರ್ ಮೊದಲಿನಿಂದಲೂ ರಾಗ ಎಳೆಯುತ್ತಿದ್ದ. ಈ ಚುಕ್ಕೆ ಅವನ ಕಣ್ಣಿಗೆ ಬಿದ್ದರೆ ಮೈದುನನ ಅಂಗಡಿ ಎತ್ತಂಗಡಿ, ಲಾರಿಗಳು ಇದ್ದಲ್ಲೇ.

“ಜಾಗ ತಪ್ಪಾಗಿದೆ. ಇದೊಂದನ್ನು ಬಿಟ್ಟುಬಿಡೋಣ,” ಅಂದಳು ಸಂಶೋಧಕಿ.

ಟೈಲರಕ್ಕ ಹೂಂ ಅನ್ನುವುದರಲ್ಲಿದ್ದಳು. ಅಷ್ಟರಲ್ಲಿ ಗೋಡೆಯಾಚೆ ಮೈದುನ ಕೆಮ್ಮಿದ. ದಿನವೂ ಕೇಳುವ ಕೆಮ್ಮೇ. ಓಣಿಯಲ್ಲೆಲ್ಲ ಡಬ್ಬಿ ಕಟ್ಟಿಸಿದವಳಿಗೆ ಅವನ ಅಂಗಡಿ ಯಾಕೆ ಹೊಳೆಯಲಿಲ್ಲ? ಇದ್ದಿಲಿನವನು ತಾನೇ, ಅವನ ಹೊಗೆ ಅವನಿಗೆ ಅಂತಲೇ? ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಗಾಳಿ ಕುಡಿಯೋದು ಅವನು, ಲೆಕ್ಕ ಬಿಡೋದು ನಾವಾ? ಅವನನ್ನೇ ಕೇಳೋಣ ನಡೀರಿ.”

ನಕ್ಷೆ ನೋಡಿ ಮೈದುನ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಠಪ್ಪೆಂದು ಇಟ್ಟ. “ಅತ್ತಿಗೆ, ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಿದೀರಾ?”

“ನಿನ್ನ ಲೆಕ್ಕ, ನಿನ್ನ ಮಾತು. ಬೇಡ ಅಂದ್ರೆ ಇಲ್ಲಿಂದ ಒಂದು ಚೂರೂ ಹೊರಗೆ ಹೋಗಲ್ಲ. ಲಾರಿ ಹೋದ್ರೂ ಸರಿ, ಬಿಟ್ರೂ ಸರಿ. ಆದ್ರೆ ಇದನ್ನೂ ನೋಡು.” ಆ ಡಬ್ಬಿಯ ದಿನದಿನದ ಲೆಕ್ಕದಲ್ಲಿ ಡಿಪೋಗೆ ರಜೆಯಿದ್ದ ದಿನದ ಗೆರೆಯ ಮೇಲೆ ಅವಳು ಬೆರಳಿಟ್ಟಳು. ಅಂದೂ ಇದ್ದಿಲು ಉರಿದಿತ್ತು, ಧೂಳು ಮಾತ್ರ ಅರ್ಧಕ್ಕೆ ಇಳಿದಿತ್ತು.

ಅವನು ಆ ಗೆರೆಯನ್ನು ನೋಡಿದ. ಮತ್ತೆ ನೀರು ಚಿಮುಕಿಸಿ ಕಾಲರ್ ತಿಕ್ಕತೊಡಗಿದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಭೆಯ ಬೆಳಿಗ್ಗೆ ಸಂಶೋಧಕಿ ಎರಡು ನಕ್ಷೆ ತಂದಿದ್ದಳು, ಒಂದರಲ್ಲಿ ಆ ಚುಕ್ಕೆ ಇರಲಿಲ್ಲ. ಸಭೆಯ ಬಾಗಿಲಲ್ಲೇ ಮೈದುನ ಕೈ ಚಾಚಿ ಚುಕ್ಕೆಯಿದ್ದ ಇನ್ನೊಂದನ್ನು ಎತ್ತಿಕೊಂಡ.

ಆ ನಕ್ಷೆ ಗೋಡೆಗೇರುತ್ತಲೇ ಡಿಪೋ ಮ್ಯಾನೇಜರ್ ಕಾದಿದ್ದವನಂತೆ ಎದ್ದ. “ನೋಡಿ, ನಾನು ಹೇಳಿರಲಿಲ್ವಾ? ಅತಿ ಹೆಚ್ಚು ಹೊಗೆ ಇರೋದು ಇಸ್ತ್ರಿ ಅಂಗಡೀಲಿ!”

“ಹೌದು ಸಾರ್, ನನ್ನ ಅಂಗಡೀನೇ,” ಅಂದ ಮೈದುನ, ಎದ್ದು ನಿಂತು. “ನೀವು ಹಾಕ್ಕೊಂಡಿರೋ ಶರ್ಟೂ ಅಲ್ಲಿಂದಲೇ ಬಂದಿದ್ದು. ಅರ್ಧ ಹೊಗೆ ನಂದು, ಒಪ್ಕೊಂಡೆ. ಕರೆಂಟ್ ಲೈನ್ ಕೊಡಿಸಿ, ಅವತ್ತೇ ಇದ್ದಿಲು ಬಿಡ್ತೀನಿ. ನಿಮಗೆ ರಜೆ ಇದ್ದಾಗ ಇಳಿಯೋ ಆ ಇನ್ನರ್ಧ ಯಾರದ್ದು?”

ಮ್ಯಾನೇಜರ್ ಕಾಲರ್ ಮುಟ್ಟಿಕೊಂಡ. ಹಿಂದಿನ ಸಾಲಿನಿಂದ ಅತ್ತೆಯ ದನಿ ಬಂತು: “ಹೇಳಪ್ಪಾ, ನನ್ನ ಮಗ ತನ್ನದು ಹೇಳಿದ್ನಲ್ಲ!” ಸಭೆಯೆಲ್ಲ ನಕ್ಕಿತು. ಪುರಸಭೆಯ ಅಧ್ಯಕ್ಷೆ ಮಾತ್ರ ನಗದೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಮ್ಯಾನೇಜರ್ ಮೆಲ್ಲಗೆ ಕೂತುಬಿಟ್ಟ. ಲಾರಿಗಳು ಮುಂದಿನ ವಾರದಿಂದ ಊರಾಚೆಯ ರಸ್ತೆಯಲ್ಲಿ ಓಡಲಿ, ಅಂಗಡಿಗೆ ಲೈನ್ ಎಳೆಯಲಿ ಎಂದು ಅವರು ಅಲ್ಲೇ ಬರೆಸಿದರು.

ಲಾರಿಗಳು ಹೋದ ಮೇಲೆ ಗಾಳಿಯನ್ನು ಹೊಸದಾಗಿ ಅಳೆಯಲು ಡಬ್ಬಿಗಳನ್ನು ಮತ್ತೆ ಕಟ್ಟುವ ದಿನ ಟೈಲರಕ್ಕ ಏಣಿ ಹಿಡಿದು ಅಂಗಡಿಗೆ ಹೋದಳು. ಮೈದುನ ಏಣಿಯನ್ನು ಪಕ್ಕಕ್ಕೆ ಸರಿಸಿದ.

“ಅದು ಬೇಡ ಅತ್ತಿಗೆ,” ಅಂದ. ತಾನು ನಿಂತು ಇಸ್ತ್ರಿ ಮಾಡುವ ಜಾಗದಲ್ಲಿ, ತನ್ನ ಮೂಗಿನ ಎತ್ತರಕ್ಕೇ, ಅವನೇ ಡಬ್ಬಿ ಕಟ್ಟಿದ.